ಶಾರ್ಟ್ ಆದಾಗ ಸೋಲಾರ್ ಎಷ್ಟು ಕರೆಂಟ್ ಕೊಡುತ್ತದೆ? ಕಪನೂರಿನ ಒಂದು ದಾಲ್ ಮಿಲ್ಲಿನ ಲೆಕ್ಕ

ಕಲಬುರಗಿಯ ಕಪನೂರ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಕಾಕಾನ ದಾಲ್ ಮಿಲ್ ಇದೆ. ಅದರ ತಗಡಿನ ಮೇಲೆ 100 ಕಿಲೋವ್ಯಾಟ್ ಸೋಲಾರ್ ಹಾಕಿಸುವ ಮಾತು ಬಂದಾಗ ಒಬ್ಬರು ಕೊಟೇಶನ್ ಕೊಟ್ಟರು. ಅದರ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು: ಸೋಲಾರ್ ಬಂದಮೇಲೆ ಫಾಲ್ಟ್ ಕರೆಂಟ್ ದುಪ್ಪಟ್ಟಾಗುತ್ತದೆ, ಆದ್ದರಿಂದ ಮೇನ್ ಪ್ಯಾನಲ್ (ಬ್ರೇಕರ್‌ಗಳಿರುವ ದೊಡ್ಡ ಪೆಟ್ಟಿಗೆ) ಪೂರ್ತಿ ಬದಲಿಸಬೇಕು. ಕಾಕಾ ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

"ಏನಪಾ, ಸೋಲಾರ್ ಕುಂದ್ರಿಸಿದ್ರ ಶಾರ್ಟ್ ಆದಾಗ ಕರೆಂಟ್ ಡಬಲ್ ಬರ್ತದಂತ. ಖರೆ ಏನು?"

"ಹಂಗೇನಿಲ್ರಿ ಕಾಕಾ" ಅಂದುಬಿಡುವುದು ಸುಲಭ. ಆದರೆ ಪ್ಯಾನಲ್ ಅಂದರೆ ಲಕ್ಷಗಟ್ಟಲೆ ದುಡ್ಡು. ಬಾಯಿಮಾತಲ್ಲಿ ಬೇಡ ಅನ್ನುವುದೂ ತಪ್ಪು, ಬೇಕು ಅನ್ನುವುದೂ ತಪ್ಪು. ಅಲ್ಲೇ ಇದ್ದ ತೊಗರಿ ತೂಕದ ಚೀಟಿಯ ಹಿಂದೆ ಲೆಕ್ಕ ಹಾಕಿದೆವು. ಅದೇ ಲೆಕ್ಕವನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು, ಈ ಲೆಕ್ಕ ಯಾಕೆ ಬೇಕು? ಎರಡು ಫೇಸ್ ಒಂದಕ್ಕೊಂದು ತಾಕಿದಾಗ ಅಥವಾ ಮೂರೂ ಕೂಡಿಕೊಂಡಾಗ ಕರೆಂಟ್ ಒಮ್ಮೆಲೇ ನುಗ್ಗುತ್ತದೆ. ಅದನ್ನು ಕಡಿಯುವುದು ಬ್ರೇಕರ್ ಕೆಲಸ. ಪ್ರತಿ ಬ್ರೇಕರ್ ಮೇಲೂ ಅದು ಎಷ್ಟು ಕಿಲೋ ಆಂಪ್ ತನಕ ಕಡಿಯಬಲ್ಲದು ಅಂತ ಬರೆದಿರುತ್ತದೆ: 10, 16, 25, 36, 50 ಹೀಗೆ. ನುಗ್ಗುವ ಕರೆಂಟ್ ಅದಕ್ಕಿಂತ ಜಾಸ್ತಿ ಇದ್ದರೆ ಬ್ರೇಕರ್ರೇ ಸಿಡಿಯುತ್ತದೆ. ನುಗ್ಗುವುದು ತೀರಾ ಕಡಿಮೆ ಇದ್ದರೂ ಕಷ್ಟ. ಬ್ರೇಕರ್‌ಗೆ ಅದು ಶಾರ್ಟ್ ಅಂತ ಗೊತ್ತೇ ಆಗುವುದಿಲ್ಲ. ಜನ ಮೊದಲನೆಯದಕ್ಕೆ ಹೆದರುತ್ತಾರೆ. ಸೋಲಾರ್ ವಿಷಯದಲ್ಲಿ ನನಗೆ ಎರಡನೆಯದರ ಭಯವೇ ಜಾಸ್ತಿ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಕರೆಂಟಿನ ಮೂಲಗಳಲ್ಲಿ ಎರಡು ಜಾತಿ ಇವೆ. ಬೆಣ್ಣೆತೊರೆ ಡ್ಯಾಮ್ ಒಂದು, ಹೊಲದ ಬೋರ್‌ವೆಲ್ ಇನ್ನೊಂದು ಅಂದುಕೊಳ್ಳಿ. ಡ್ಯಾಮಿನ ಹಿಂದೆ ನೀರು ನಿಂತಿದೆ. ಬಾಗಿಲು ಎಷ್ಟು ಅಗಲ ತೆಗೆಯುತ್ತೀರೋ ಅಷ್ಟು ನೀರು ನುಗ್ಗುತ್ತದೆ. ತಡೆಯುವುದು ಬಾಗಿಲು ಮತ್ತು ಕಾಲುವೆ ಮಾತ್ರ. ಬೋರ್‌ವೆಲ್ ಹಾಗಲ್ಲ. ಪೈಪ್ ನೆಟ್ಟಗಿರಲಿ, ಒಡೆದು ಹೋಗಲಿ, ಮೋಟಾರ್ ಎತ್ತುವಷ್ಟೇ ನೀರು ಬರುತ್ತದೆ. ಪೈಪ್ ಒಡೆದರೆ ಸ್ವಲ್ಪ ಜಾಸ್ತಿ ಬಂದೀತು, ಹೊಳೆಯಂತೂ ಹರಿಯುವುದಿಲ್ಲ. ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಲೈನು ಡ್ಯಾಮ್ ಜಾತಿ. ಸೋಲಾರ್ ಬೋರ್‌ವೆಲ್ ಜಾತಿ. ಡ್ಯಾಮಿನ ಸೂತ್ರ ಹಿಡಿದು ಬೋರ್‌ವೆಲ್ ಲೆಕ್ಕ ಮಾಡಲು ಹೋದರೆ ಆ ಕೊಟೇಶನ್ನಿನ ಸಾಲು ಹುಟ್ಟುತ್ತದೆ.

ಡ್ಯಾಮಿನ ಲೆಕ್ಕ ಮೊದಲು ಮಾಡೋಣ. ಮಿಲ್ಲಿನ ಹೊರಗಿರುವ ಟಿಸಿಯ (ಟ್ರಾನ್ಸ್‌ಫಾರ್ಮರ್) ನೇಮ್ ಪ್ಲೇಟ್ ಒರೆಸಿ ಓದಿದರೆ ಮೂರು ಅಂಕಿ ಸಿಗುತ್ತವೆ: 250 ಕೆವಿಎ, 433 ವೋಲ್ಟ್, ಇಂಪೀಡೆನ್ಸ್ 4.5 ಪರ್ಸೆಂಟ್. ಈ ಕೊನೆಯದನ್ನು ಯಾರೂ ನೋಡುವುದೇ ಇಲ್ಲ. ನಮಗೆ ಬೇಕಾದ ಅಂಕಿಯೇ ಅದು. ಟಿಸಿಯ ಔಟ್‌ಪುಟ್ಟನ್ನು ಪೂರ್ತಿ ಶಾರ್ಟ್ ಮಾಡಿ, ಇನ್‌ಪುಟ್‌ಗೆ ಬರೀ 4.5 ಪರ್ಸೆಂಟ್ ವೋಲ್ಟೇಜ್ ಕೊಟ್ಟರೂ ಫುಲ್ ಲೋಡ್ ಕರೆಂಟ್ ಹರಿಯುತ್ತದೆ ಅಂತ ಅದರ ಅರ್ಥ. ಹಾಗಾದರೆ ಪೂರ್ತಿ ವೋಲ್ಟೇಜ್ ಇದ್ದಾಗ? 100 ಭಾಗಿಸು 4.5, ಅಂದರೆ ಸುಮಾರು 22 ಪಟ್ಟು.

ಫುಲ್ ಲೋಡ್ ಕರೆಂಟ್ ಎಷ್ಟು? 2,50,000 ಅನ್ನು 1.732 ಮತ್ತು 433ರ ಗುಣಲಬ್ಧದಿಂದ ಭಾಗಿಸಿದರೆ 333 ಆಂಪ್. ಅದನ್ನು 0.045ರಿಂದ ಭಾಗಿಸಿದರೆ 7,400 ಆಂಪ್. ಟಿಸಿಯ ಬುಡದಲ್ಲೇ ಮೂರು ಫೇಸ್ ಕೂಡಿಕೊಂಡರೆ 7.4 ಕಿಲೋ ಆಂಪ್ ಬರುತ್ತದೆ. ಅರ್ಧ ನಿಮಿಷದ ಲೆಕ್ಕ. ಬಹಳಷ್ಟು ಸಲ ಇಷ್ಟೇ ಸಾಕು.

ಆದರೆ ಇದರಲ್ಲಿ 11 ಕೆವಿ ಲೈನು ಹಿಂದಿನಿಂದ ಎಷ್ಟು ಬೇಕಾದರೂ ಕೊಡುತ್ತದೆ ಅಂದುಕೊಂಡಿದ್ದೇವೆ. ನಿಜದಲ್ಲಿ ಅದಕ್ಕೂ ಒಂದು ಮಿತಿ ಇದೆ. ಅದಕ್ಕೆ ಫಾಲ್ಟ್ ಲೆವೆಲ್ ಅನ್ನುತ್ತಾರೆ. ಸಬ್‌ಸ್ಟೇಷನ್‌ನಿಂದ ಆ ಅಂಕಿ ಕೇಳಿ ಪಡೆಯಬೇಕು. ಉದಾಹರಣೆಗೆ ನಮ್ಮ ಜಾಗದಲ್ಲಿ 100 ಎಂವಿಎ ಅಂತ ಇಟ್ಟುಕೊಳ್ಳಿ. 433 ವೋಲ್ಟ್ ಕಡೆಯಿಂದ ನೋಡಿದರೆ ಲೈನಿನ ತಡೆ 0.433ರ ವರ್ಗ ಭಾಗಿಸು 100, ಅಂದರೆ 0.0019 ಓಮ್. ಟಿಸಿಯ ತಡೆ ಅದೇ ರೀತಿ 0.0337 ಓಮ್. ಎರಡೂ ಸೇರಿ 0.0356. ಒಂದು ಫೇಸಿನ 250 ವೋಲ್ಟನ್ನು ಇದರಿಂದ ಭಾಗಿಸಿ. 7.0 ಕಿಲೋ ಆಂಪ್. 7.4 ಇದ್ದದ್ದು 7.0ಕ್ಕೆ ಇಳಿಯಿತು, ಅಷ್ಟೇ. ಕೊನೆಯ ಗ್ರಾಹಕನ ಹತ್ತಿರ ಬಂದಮೇಲೆ ಎಲ್ಲದರ ಕತ್ತು ಹಿಡಿದಿರುವುದು ಟಿಸಿ ಅಂತ ಈ ಎರಡು ಅಂಕಿಗಳೇ ಹೇಳುತ್ತವೆ.

ಇನ್ನು ಕೇಬಲ್. ಟಿಸಿಯಿಂದ ಪ್ಯಾನಲ್‌ಗೆ 50 ಮೀಟರ್ 185 ಸ್ಕ್ವೇರ್ (ಚದರ ಮಿಲಿಮೀಟರ್) ಅಲ್ಯುಮಿನಿಯಂ ಕೇಬಲ್ ಇದ್ದರೆ 7.0 ಹೋಗಿ 6 ಕಿಲೋ ಆಂಪ್ ಸುತ್ತ ಬರುತ್ತದೆ. ಇಲ್ಲಿ ಒಂದು ಜಾಗದಲ್ಲಿ ಎಡವುತ್ತಾರೆ. ಟಿಸಿಯ ತಡೆ ಹೆಚ್ಚಿನ ಪಾಲು ರಿಯಾಕ್ಟೆನ್ಸ್ (ಸುರುಳಿಯ ಅಯಸ್ಕಾಂತದಿಂದ ಬರುವ ತಡೆ), ಕೇಬಲ್ಲಿನದು ಹೆಚ್ಚಿನ ಪಾಲು ರೆಸಿಸ್ಟೆನ್ಸ್ (ತಂತಿಯ ಲೋಹದ ತಡೆ). ಎರಡನ್ನೂ ನೇರವಾಗಿ ಕೂಡಿದರೆ ತಡೆ ಜಾಸ್ತಿಯಾಗಿ, ಕರೆಂಟ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಬ್ರೇಕರ್ ಆರಿಸುವಾಗ ಅದು ಅಪಾಯದ ಕಡೆಯ ತಪ್ಪು. ರೆಸಿಸ್ಟೆನ್ಸ್ ಬೇರೆ ಕೂಡಿ, ರಿಯಾಕ್ಟೆನ್ಸ್ ಬೇರೆ ಕೂಡಿ, ಆಮೇಲೆ ವರ್ಗ ಕೂಡಿಸಿ ವರ್ಗಮೂಲ ತೆಗೆಯಬೇಕು. ತಲೆನೋವು ಬೇಡ ಅನ್ನುವವರು ಕೇಬಲ್ಲನ್ನು ಬಿಟ್ಟೇ ಬಿಡಲಿ. ಬರುವ ಅಂಕಿ ದೊಡ್ಡದಾಗಿರುತ್ತದೆ, ಬ್ರೇಕರ್ ಗಟ್ಟಿಯಾಗಿರುತ್ತದೆ. ನಾವೂ ಹಾಗೇ ಮಾಡಿದೆವು.

ಈಗ ಬೋರ್‌ವೆಲ್ ಕಡೆ ಬರೋಣ. ಸೋಲಾರ್ ಪ್ಯಾನಲ್ಲಿನ ಡಿಸಿಯನ್ನು ಎಸಿ ಮಾಡುವ 100 ಕಿಲೋವ್ಯಾಟ್ ಇನ್ವರ್ಟರ್ 415 ವೋಲ್ಟಿನಲ್ಲಿ ಕೊಡುವ ಫುಲ್ ಲೋಡ್ ಕರೆಂಟ್ 139 ಆಂಪ್. ಶಾರ್ಟ್ ಆದಾಗ ಟಿಸಿಯ ಹಾಗೆ ಇದೂ 22 ಪಟ್ಟು ಕೊಡುತ್ತದಾ? ಕೊಡಲಾರದು. ಅದರೊಳಗೆ ಕರೆಂಟ್ ಬಿಡುವುದು ಐಜಿಬಿಟಿ ಅನ್ನುವ ಸಿಲಿಕಾನ್ ಸ್ವಿಚ್ಚುಗಳು. ಅವು ಟಿಸಿಯ ತಾಮ್ರದ ಹಾಗೆ ಬಿಸಿ ತಡೆದುಕೊಂಡು ಕೂರುವುದಿಲ್ಲ. ಮಿತಿ ದಾಟಿದರೆ ಕಣ್ಣು ಮಿಟುಕಿಸುವುದರೊಳಗೆ ಸುಟ್ಟುಹೋಗುತ್ತವೆ. ಅದಕ್ಕೇ ಇನ್ವರ್ಟರ್ ತನ್ನ ಕರೆಂಟನ್ನು ತಾನೇ ಅಳೆದು ಕಟ್ಟಿಹಾಕುತ್ತದೆ. ಸಾಮಾನ್ಯವಾಗಿ ಫುಲ್ ಲೋಡಿನ 1.1ರಿಂದ 1.2 ಪಟ್ಟು. ಮೊದಲ ಕೆಲವು ಮಿಲಿಸೆಕೆಂಡ್ ಫಿಲ್ಟರ್ ಕೆಪಾಸಿಟರ್‌ಗಳು ಖಾಲಿಯಾಗುವಾಗ ಇನ್ನೂ ಸ್ವಲ್ಪ ಮೇಲೆ ಹಾರಬಹುದು. ಜಾಗ್ರತೆಗೆ ಒಂದೂವರೆ ಪಟ್ಟು ಹಿಡಿದರೂ 209 ಆಂಪ್. ಕಿಲೋ ಆಂಪ್‌ನಲ್ಲಿ ಹೇಳಿದರೆ 0.2.

7.0 ಮತ್ತು 0.2. ದುಪ್ಪಟ್ಟು ಎಲ್ಲಿಂದ ಬಂತು?

ಶಾರ್ಟ್ ಸರ್ಕ್ಯೂಟ್ ಲೆಕ್ಕಕ್ಕೆ ಜಗತ್ತಿನಲ್ಲಿ ಹೆಚ್ಚಾಗಿ ಬಳಸುವ ಸ್ಟ್ಯಾಂಡರ್ಡ್ ಐಇಸಿ 60909. ಅದರ 2016ರ ಆವೃತ್ತಿ ಸೋಲಾರ್ ಮತ್ತು ಪೂರ್ತಿ ಕನ್ವರ್ಟರ್ ಇರುವ ವಿಂಡ್ ಮಿಲ್ಲುಗಳನ್ನು ಹೀಗೇ ಲೆಕ್ಕಕ್ಕೆ ತೆಗೆದುಕೊಂಡಿದೆ. ವೋಲ್ಟೇಜ್ ಭಾಗಿಸು ತಡೆ ಅಲ್ಲ, ತಯಾರಕರು ಕೊಟ್ಟ ಒಂದು ನಿಗದಿ ಕರೆಂಟ್. ಗ್ರಿಡ್ಡಿನ ಉತ್ತರಕ್ಕೆ ಅದನ್ನು ಕೂಡಿಸಿದರೆ ಆಯಿತು. ಆದ್ದರಿಂದ ಇನ್ವರ್ಟರ್ ಕೊಳ್ಳುವಾಗಲೇ ಡೇಟಾಶೀಟ್‌ನಲ್ಲಿ ಫಾಲ್ಟ್ ಕರೆಂಟ್ ಎಷ್ಟು, ಎಷ್ಟು ಹೊತ್ತು ಅನ್ನುವ ಸಾಲು ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

ಈಗ ಒಂದು ತಮಾಷೆ ಹೇಳುತ್ತೇನೆ. ಮಿಲ್ಲಿನಲ್ಲಿ ಎಲಿವೇಟರ್, ರೋಲರ್, ಪಾಲಿಶರ್ ಎಲ್ಲ ಸೇರಿ 100 ಎಚ್‌ಪಿ ಮೋಟಾರ್‌ಗಳಿವೆ. ಎಚ್‌ಪಿಗೆ ಹತ್ತಿರಹತ್ತಿರ ಒಂದೂವರೆ ಆಂಪ್ ಅನ್ನುವುದು ನಮ್ಮ ಎಲೆಕ್ಟ್ರಿಷಿಯನ್‌ಗಳ ಬಾಯಿಲೆಕ್ಕ. ಸರಿಯಾಗಿ ನೋಡಿದರೆ ಸುಮಾರು 140 ಆಂಪ್. ಇನ್ವರ್ಟರ್ ಕರೆಂಟೂ ಅಷ್ಟೇ, ನೋಡಿ. ಆದರೆ ಶಾರ್ಟ್ ಆದ ಕ್ಷಣ ತಿರುಗುತ್ತಿರುವ ಮೋಟಾರ್ ಜನರೇಟರ್ ಆಗಿಬಿಡುತ್ತದೆ. ಒಳಗಿನ ಅಯಸ್ಕಾಂತ ಶಕ್ತಿ ಇಳಿಯುವ ತನಕ, ಅಂದರೆ ಕೆಲವೇ ಸೈಕಲ್, ಐದಾರು ಪಟ್ಟು ಕರೆಂಟನ್ನು ಹಿಂದಕ್ಕೆ ನೂಕುತ್ತದೆ. 700 ಆಂಪ್! ಸೋಲಾರ್ ಕೊಡುವ 200ರ ಬಗ್ಗೆ ಹೆದರಿಸಿ ಸಾಲು ಬರೆದವರು, ಇಷ್ಟು ವರ್ಷದಿಂದ ಅಲ್ಲೇ ತಿರುಗುತ್ತಿರುವ ಮೋಟಾರ್‌ಗಳ 700ರ ಬಗ್ಗೆ ಒಂದಕ್ಷರ ಬರೆದಿರಲಿಲ್ಲ.

ತಿರುಗುವ ಯಂತ್ರಕ್ಕೂ ಸಿಲಿಕಾನ್‌ಗೂ ಇರುವ ಈ ವ್ಯತ್ಯಾಸ ದೊಡ್ಡ ಮಟ್ಟದಲ್ಲೂ ಹಾಗೇ ಇದೆ. ರಾಯಚೂರು ಜಿಲ್ಲೆಯ ಶಕ್ತಿನಗರದ 1,720 ಮೆಗಾವ್ಯಾಟ್ ಥರ್ಮಲ್ ಸ್ಟೇಷನ್ನಿನ ಜನರೇಟರ್‌ಗಳಂಥವು ಶಾರ್ಟ್ ಆದಾಗ ಮೊದಲ ಕ್ಷಣದಲ್ಲಿ ತಮ್ಮ ಫುಲ್ ಲೋಡಿನ ಐದಾರು ಪಟ್ಟು ಕೊಡಬಲ್ಲವು. ಅಷ್ಟೇ ಮೆಗಾವ್ಯಾಟ್ ಸೋಲಾರ್ ಒಂದೂಕಾಲು ಪಟ್ಟು ಕೊಟ್ಟರೆ ಹೆಚ್ಚು. ಹಗಲು ಹೊತ್ತು ಥರ್ಮಲ್ ಘಟಕಗಳು ನಿಂತು ಸೋಲಾರ್ ಜಾಸ್ತಿಯಾದಂತೆ ಸುತ್ತಲ ಗ್ರಿಡ್ಡಿನ ಫಾಲ್ಟ್ ಲೆವೆಲ್ ಇಳಿಯುತ್ತದೆ. ಏರುವುದಲ್ಲ.

ಕಾಕಾನ ಪ್ಯಾನಲ್‌ಗೆ ವಾಪಸ್ ಬರೋಣ. ಗ್ರಿಡ್ 7.0, ಮೋಟಾರ್ 0.7, ಸೋಲಾರ್ 0.2. ಒಟ್ಟು 7.9. ಲೈನ್ ವೋಲ್ಟೇಜ್ ಏರಿರುವ ಹೊತ್ತಿನಲ್ಲೇ ಶಾರ್ಟ್ ಆಗಬಹುದು ಅಲ್ವಾ? ಅದಕ್ಕೆ ಐಇಸಿ ಪದ್ಧತಿಯಲ್ಲಿ 415 ವೋಲ್ಟಿಗೆ 1.1ರ ಗುಣಕ ಹಾಕುತ್ತಾರೆ. ಆಗ ಗ್ರಿಡ್ ಪಾಲು 7.4 ಆಗುತ್ತದೆ, ಒಟ್ಟು 8.3 ಕಿಲೋ ಆಂಪ್. ಮೇನ್ ಬ್ರೇಕರ್ ಮೇಲೆ ಬರೆದದ್ದು 25. ಪ್ಯಾನಲ್ ಬದಲಿಸುವ ಪ್ರಶ್ನೆಯೇ ಇಲ್ಲ. ಮೊದಲ ಅರ್ಧ ಸೈಕಲ್‌ನ ತುದಿ ಇದರ ಎರಡು ಪಟ್ಟು ಮುಟ್ಟುತ್ತದೆ. ಬ್ರೇಕರ್ ತಯಾರಕರು ಅದಕ್ಕೂ ಸೇರಿಸಿಯೇ ಟೆಸ್ಟ್ ಮಾಡಿರುತ್ತಾರೆ. ಬಸ್‌ಬಾರ್ (ಪ್ಯಾನಲ್ ಒಳಗಿನ ದಪ್ಪ ಲೋಹದ ಪಟ್ಟಿ) ಬಿಗಿದ ಸಪೋರ್ಟುಗಳು ಮಾತ್ರ ಆ ಏಟನ್ನು ತಡೆಯುವಷ್ಟು ಗಟ್ಟಿ ಇರಬೇಕು.

ಹೊಸ ಸೋಲಾರ್ ಎಸಿ ಬಾಕ್ಸಿಗೆ ಅವರು 10 ಕಿಲೋ ಆಂಪ್ ಬ್ರೇಕರ್ ಬರೆದಿದ್ದರು. 8.3ಕ್ಕೆ 10 ಸಾಕು. ಆದರೂ ನಾನು 25 ಕೇಳಿದೆ. ಕಾರಣ ಸೋಲಾರ್ ಅಲ್ಲ, ಟಿಸಿ. ತೊಗರಿ ಸೀಜನ್ನಿನಲ್ಲಿ ಲೋಡ್ ಸಾಲುತ್ತಿಲ್ಲ, 500 ಕೆವಿಎ ಹಾಕಿಸಬೇಕು ಅಂತ ಕಾಕಾ ಹೇಳುತ್ತಲೇ ಇದ್ದರು. ಟಿಸಿ ದೊಡ್ಡದಾದರೆ ಅದರ ತಡೆ ಅರ್ಧವಾಗುತ್ತದೆ. ಅದೇ ಲೆಕ್ಕ 1.1ರ ಗುಣಕ ಸೇರಿಸಿ ಮತ್ತೊಮ್ಮೆ ಹಾಕಿ: ಗ್ರಿಡ್ ಪಾಲು ಒಂದೇ 14 ಕಿಲೋ ಆಂಪ್. ಆ ದಿನ 10ರ ಬ್ರೇಕರ್ ಪಟಾಕಿ. ಕರೆಂಟ್ ದುಪ್ಪಟ್ಟಾಗುವ ಮಾತು ಪೂರ್ತಿ ಸುಳ್ಳಲ್ಲ. ದುಪ್ಪಟ್ಟು ಮಾಡುವವರು ಯಾರು ಅನ್ನುವುದರಲ್ಲಿ ತಪ್ಪಿತ್ತು.

ಇಲ್ಲಿಯ ತನಕ ಎಸಿ ಕಡೆ. ಡಿಸಿ ಕಡೆಯ ಕಥೆಯೇ ಬೇರೆ. ನಾನು ಹೆದರುವುದೂ ಅಲ್ಲೇ.

ಕಾಕಾನ ತಗಡಿನ ಮೇಲಿರುವುದು 540 ವ್ಯಾಟಿನ 180 ಸೋಲಾರ್ ಪ್ಯಾನಲ್‌ಗಳು, 18ನ್ನು ಸರಪಳಿಯ ಹಾಗೆ ಜೋಡಿಸಿದ ಸ್ಟ್ರಿಂಗ್ 10. ಇಂಥ ಪ್ಯಾನಲ್ಲಿನ ಹಿಂದೆ ಅಂಟಿಸಿದ ಚೀಟಿಯಲ್ಲಿ ಎರಡು ಕರೆಂಟ್ ಇರುತ್ತವೆ. ಕೆಲಸ ಮಾಡುವಾಗ ಸುಮಾರು 13 ಆಂಪ್, ಶಾರ್ಟ್ ಮಾಡಿದರೆ ಸುಮಾರು 13.85. ನಂಬಿಕೆ ಬರಲಿಲ್ಲ ಅಂದರೆ ಅಳೆದು ನೋಡಬಹುದು. ಕಮಿಷನಿಂಗ್ ದಿನ ನಾವು ನೋಡಿದೆವು. ಬಿಸಿಲು ಚದರ ಮೀಟರಿಗೆ 900 ವ್ಯಾಟ್ ಸುತ್ತ ಇತ್ತು. ಸ್ಟ್ರಿಂಗ್ ಓಡುತ್ತಿರುವಾಗ ಡಿಸಿ ಕ್ಲಾಂಪ್ ಮೀಟರ್ 11.7 ತೋರಿಸಿತು. ಆಮೇಲೆ ಅದಕ್ಕೇ ಮಾಡಿದ ಟೆಸ್ಟ್ ಸ್ವಿಚ್ಚಿನಿಂದ ಆ ಸ್ಟ್ರಿಂಗ್ ಶಾರ್ಟ್ ಮಾಡಿದೆವು. 12.5. ಮೀಟರ್ ಹಿಡಿದ ಹುಡುಗ ಇನ್ನೊಮ್ಮೆ ನೋಡಿ, "ಅಣ್ಣಾ, ಶಾರ್ಟ್ ಆಗ್ಲೇ ಇಲ್ಲ ಅನಸ್ತದ" ಅಂದ. ಆಗಿತ್ತು. ಸೋಲಾರ್‌ನಲ್ಲಿ ಶಾರ್ಟ್ ಅಂದರೆ ಅಷ್ಟೇ.

ಇದರ ಪರಿಣಾಮ ಯೋಚಿಸಿ. ಫ್ಯೂಸ್ ಹಾರಬೇಕಾದರೆ ಕರೆಂಟ್ ಅದರ ರೇಟಿಂಗ್ ಮೀರಬೇಕು. 20 ಅಥವಾ 25 ಆಂಪ್ ಫ್ಯೂಸಿಗೆ 13.85 ಏನೂ ಅಲ್ಲ. ಇಡೀ ಮಧ್ಯಾಹ್ನ ಶಾರ್ಟ್ ಆಗಿ ಕೂತರೂ ಫ್ಯೂಸ್ ತಣ್ಣಗಿರುತ್ತದೆ. ಶಾರ್ಟ್ ಆದ ಜಾಗ ತಣ್ಣಗಿರುವುದಿಲ್ಲ. ಸ್ಟ್ರಿಂಗಿನ ವೋಲ್ಟೇಜ್ ಲೋಡ್ ಇಲ್ಲದಾಗ 890. ಡಿಸಿ ಆರ್ಕ್ (ಗಾಳಿಯಲ್ಲಿ ಹಾರುವ ಕಿಡಿ) ಎಸಿಯ ಹಾಗೆ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಆರುವುದಿಲ್ಲ. ಒಮ್ಮೆ ಹೊತ್ತಿದರೆ ಉರಿಯುತ್ತಲೇ ಇರುತ್ತದೆ.

ಇದನ್ನು ಹೀಗೆ ಬಿಡಿಸಿ ಹೇಳಲು ಕಾರಣ ಇದೆ. ಮೊದಲ ಮಳೆಗಾಲದಲ್ಲೇ ಇನ್ವರ್ಟರ್ ಬೆಳಗ್ಗೆ ಬೆಳಗ್ಗೆ ಇನ್ಸುಲೇಷನ್ ಕಡಿಮೆ ಇದೆ ಅಂತ ಎರರ್ ತೋರಿಸಿ ಸ್ಟಾರ್ಟ್ ಆಗುತ್ತಿರಲಿಲ್ಲ. ಒಂಬತ್ತು ಗಂಟೆಗೆ ಬಿಸಿಲು ಬಿದ್ದಮೇಲೆ ತಾನಾಗಿಯೇ ಸರಿಹೋಗುತ್ತಿತ್ತು. ಮಿಲ್ಲಿನ ಹುಡುಗ ರೀಸೆಟ್ ಒತ್ತುವುದನ್ನು ರೂಢಿ ಮಾಡಿಕೊಂಡ. ನನಗೆ ಗೊತ್ತಾಗಿದ್ದು ಮೂರು ವಾರ ಆದಮೇಲೆ. ಮೇಲೆ ಹತ್ತಿ ನೋಡಿದರೆ ಕೇಬಲ್ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ತೊಗಲು ಸುಲಿದಿತ್ತು. ಹಾಕಿದವರು ಪೈಪ್ ಹಾಕದೆ ಸುಮ್ನೆ ಎಳೆದು ಬಿಟ್ಟಿದ್ದರು. ಇಂಥ ಸಿಸ್ಟಮ್‌ನಲ್ಲಿ ಡಿಸಿ ತಂತಿಯನ್ನು ಅರ್ಥಿಗೆ ಕಟ್ಟಿರುವುದಿಲ್ಲ. ಹಾಗಾಗಿ ಇನ್ವರ್ಟರ್ ನಿಂತಿರುವಾಗ ಒಂದು ಕಡೆ ತಗಡಿಗೆ ತಾಕಿದರೆ ಕರೆಂಟ್ ಹರಿಯಲು ದಾರಿಯೇ ಇಲ್ಲ. ಇನ್ನೊಂದು ಧ್ರುವದ ತಂತಿಯೂ ಎಲ್ಲೋ ತಾಕಿದ ದಿನ ತಗಡಿನ ಮೂಲಕ ಶಾರ್ಟ್ ಪೂರ್ತಿಯಾಗುತ್ತದೆ. ಆಗ ಬರುವುದು ಅದೇ 13 ಆಂಪ್, ಯಾವ ಬ್ರೇಕರೂ ಕೈ ಎತ್ತದ 13 ಆಂಪ್. ನಾವು ನೋಡಿದಾಗ ಎರಡನೆಯ ತಂತಿಯೂ ಅರ್ಧ ಸವೆದಿತ್ತು. ಇಲ್ಲಿ ಶಾರ್ಟ್ ಸರ್ಕ್ಯೂಟ್ ಲೆಕ್ಕ ಕಾಪಾಡುವುದಿಲ್ಲ. ಆ ಇನ್ಸುಲೇಷನ್ ಎರರ್ ಕಾಪಾಡುತ್ತದೆ, ಓದಿದರೆ. ಹಾಂ, ಇಂಥದ್ದು ಕಂಡಾಗ ಅವಸರದಲ್ಲಿ ಎಂಸಿ4 ಕನೆಕ್ಟರ್ (ಪ್ಯಾನಲ್ ತಂತಿಗಳನ್ನು ಜೋಡಿಸುವ ಪ್ಲಗ್) ಎಳೆಯಬೇಡಿ. ಹರಿಯುವ ಡಿಸಿಯನ್ನು ಕೈಯಲ್ಲಿ ಕಡಿದರೆ ಆರ್ಕ್ ಮುಖಕ್ಕೇ ಬರುತ್ತದೆ.

ಹಾಗಾದರೆ ಸ್ಟ್ರಿಂಗ್ ಫ್ಯೂಸ್ ಯಾಕೆ ಹಾಕುತ್ತಾರೆ? ತನ್ನ ಕರೆಂಟಿಗಲ್ಲ, ನೆರೆಮನೆಯ ಕರೆಂಟಿಗೆ. ಒಂದು ಸ್ಟ್ರಿಂಗ್ ಕೆಟ್ಟಾಗ ಪಕ್ಕದ ಸ್ಟ್ರಿಂಗುಗಳೆಲ್ಲ ಸೇರಿ ಅದರೊಳಗೆ ಹಿಂದುಮುಂದಾಗಿ ನುಗ್ಗುತ್ತವೆ. ಎರಡೇ ಸ್ಟ್ರಿಂಗ್ ಕೂಡಿದ್ದರೆ ನುಗ್ಗುವುದು ಒಂದರದ್ದು ಮಾತ್ರ, 13.85. ಪ್ಯಾನಲ್ ಚೀಟಿಯಲ್ಲಿ ಗರಿಷ್ಠ ಫ್ಯೂಸ್ 25 ಆಂಪ್ ಅಂತಿದ್ದರೆ ಅದು ತಡೆದುಕೊಳ್ಳುತ್ತದೆ, ಫ್ಯೂಸ್ ಬೇಡ. ಮೂರಾದರೆ ಎರಡರದ್ದು ನುಗ್ಗುತ್ತದೆ, 27.7. ಫ್ಯೂಸ್ ಬೇಕೇ ಬೇಕು. ಹತ್ತನ್ನೂ ಒಂದೇ ಕಂಬೈನರ್ ಬಾಕ್ಸಿನಲ್ಲಿ ಕೂಡಿಸಿದ ಪ್ಲಾಂಟಿನಲ್ಲಿ ಒಂಬತ್ತರದ್ದು, ಹತ್ತಿರಹತ್ತಿರ 125 ಆಂಪ್. ಅದೂ 4 ಸ್ಕ್ವೇರ್ ತಂತಿಯಲ್ಲಿ. ಬೆಂಕಿಗೆ ಇಷ್ಟು ಸಾಕು. ಫ್ಯೂಸ್ ಎಷ್ಟರದ್ದು ಅಂದರೆ, ಶಾರ್ಟ್ ಕರೆಂಟಿನ ಒಂದೂವರೆ ಪಟ್ಟಿಗಿಂತ ಕಡಿಮೆ ಇರಬಾರದು, ಚೀಟಿಯ ಗರಿಷ್ಠ ಮೀರಬಾರದು. ಒಂದೂವರೆ ಪಟ್ಟು ಅಂದರೆ 20.8. ಹಾಗಾಗಿ 25. ಸೋಲಾರ್‌ಗೆಂದೇ ಮಾಡಿದ ಜಿಪಿವಿ ಫ್ಯೂಸೇ ಆಗಬೇಕು. ಎಸಿ ಫ್ಯೂಸ್ ಇಲ್ಲಿ ನಡೆಯುವುದಿಲ್ಲ.

ಕಲಬುರಗಿ ಬಿಸಿಲಿಗೆ ಕರೆಂಟ್ ಇನ್ನೂ ಜಾಸ್ತಿ ಬರುತ್ತಾ ಅಂತ ಬಹಳ ಜನ ಕೇಳುತ್ತಾರೆ. ಮೇ ತಿಂಗಳಲ್ಲಿ ಪ್ಯಾನಲ್ 70 ಡಿಗ್ರಿ ಕಾದರೂ ಶಾರ್ಟ್ ಕರೆಂಟ್ ಏರುವುದು ಬರೀ ಎರಡು ಪರ್ಸೆಂಟ್ ಚಿಲ್ಲರೆ. ಬಿಸಿಯಿಂದ ಆಗುವುದು ವೋಲ್ಟೇಜ್ ನಷ್ಟ. ಕರೆಂಟ್ ಏರಿಸುವುದು ಬೆಳಕು. ಚದುರಿದ ಮೋಡದ ಅಂಚು ಸರಿಯುವಾಗ ಒಂದೆರಡು ನಿಮಿಷ ಬಿಸಿಲು 1,000 ವ್ಯಾಟ್ ದಾಟುತ್ತದೆ. ಅದಕ್ಕೆಲ್ಲ ಸೇರಿಸಿಯೇ ಶಾರ್ಟ್ ಕರೆಂಟಿಗೆ 1.25ರ ಗುಣಕ ಹಾಕುವುದು. ಎರಡೂ ಬದಿ ಬೆಳಕು ಹೀರುವ ಪ್ಯಾನಲ್ ಆದರೆ ಹಿಂದಿನ ಪಾಲು ಬೇರೆ ಸೇರಿಸಬೇಕು. ಬಿಳಿ ಬಣ್ಣ ಬಳಿದ ಮಾಳಿಗೆಯ ಮೇಲೆ ಅದು ಜಾಸ್ತಿ, ನಮ್ಮ ಎರೆ ಹೊಲದ ಮೇಲೆ ಕಡಿಮೆ.

ಸೋಲಾರ್ ಪಾಲು ಸಣ್ಣದು ಅಂತ ಇಷ್ಟು ಹೊತ್ತು ಹೇಳಿದೆ. ಅದು ಸುಳ್ಳಾಗುವ ಜಾಗವೂ ಇದೆ. ಕಪನೂರ ಬಿಟ್ಟು ಹಳ್ಳಿ ಕಡೆ ಹೋಗಿ. ಸಬ್‌ಸ್ಟೇಷನ್‌ನಿಂದ 12 ಕಿಲೋಮೀಟರ್ ದೂರ, ರ‍್ಯಾಬಿಟ್ ಕಂಡಕ್ಟರ್ ಅನ್ನುವ ತೆಳು ತಂತಿ ಎಳೆದ 11 ಕೆವಿ ಲೈನಿನ ಕೊನೆಯ ಹತ್ತಿರ. ಅಲ್ಲಿ 4 ಮೆಗಾವ್ಯಾಟ್ ಸೋಲಾರ್ ಬಂತು ಅನ್ನಿ. ಸಬ್‌ಸ್ಟೇಷನ್‌ನಲ್ಲಿ 100 ಎಂವಿಎ ಇದ್ದ ಫಾಲ್ಟ್ ಲೆವೆಲ್ ಅಷ್ಟು ದೂರ ಬರುವಷ್ಟರಲ್ಲಿ 14 ಎಂವಿಎ ಸುತ್ತ ಉಳಿಯುತ್ತದೆ. ಆಂಪ್‌ನಲ್ಲಿ ಸುಮಾರು 750. ಸೋಲಾರ್ ಫುಲ್ ಲೋಡ್ 210 ಆಂಪ್, ಶಾರ್ಟ್‌ಗೆ 250. ಈಗ 750 ಮತ್ತು 250! ಮಿಲ್ಲಿನಲ್ಲಿ ಮೂವತ್ತೈದರಲ್ಲಿ ಒಂದು ಪಾಲಿತ್ತು, ಇಲ್ಲಿ ಮೂರರಲ್ಲಿ ಒಂದು. ಸೋಲಾರ್ ದಾಟಿ ಮುಂದೆ ಲೈನ್ ಹರಿದು ಬಿದ್ದರೆ, ಆ ಜಾಗಕ್ಕೆ ಸೋಲಾರ್ ತಾನೂ ಕರೆಂಟ್ ಕೊಡುವುದರಿಂದ ಸಬ್‌ಸ್ಟೇಷನ್ ಕಡೆಯಿಂದ ಬರುವ ಪಾಲು ಇಳಿಯುತ್ತದೆ. ಅಲ್ಲಿನ ರಿಲೇ (ಕರೆಂಟ್ ಅಳೆದು ಬ್ರೇಕರ್ ಬೀಳಿಸುವ ಸಾಧನ) ಎಷ್ಟು ಕರೆಂಟ್ ಬಂದರೆ ಟ್ರಿಪ್ ಆಗಬೇಕು ಅಂತ ಸೆಟ್ ಮಾಡಿದ್ದು ಸೋಲಾರ್ ಬರುವ ಮುಂಚೆ. ಈಗ ಅದಕ್ಕೆ ಕುರುಡು ಕವಿದ ಹಾಗೆ. ಟ್ರಿಪ್ ತಡವಾಗುತ್ತದೆ, ಕೆಲವೊಮ್ಮೆ ಆಗುವುದೇ ಇಲ್ಲ. 14 ಎಂವಿಎಯನ್ನು 4ರಿಂದ ಭಾಗಿಸಿದರೆ 3.5. ಇದನ್ನು ಶಾರ್ಟ್ ಸರ್ಕ್ಯೂಟ್ ರೇಷಿಯೋ ಅನ್ನುತ್ತಾರೆ. 3ರ ಕೆಳಗೆ ಹೋದರೆ ಲೈನ್ ದುರ್ಬಲ ಅಂತ ಲೆಕ್ಕ. ಇನ್ವರ್ಟರ್ ವೋಲ್ಟೇಜ್ ಹಿಡಿಯಲಾರದೆ ಓಲಾಡುತ್ತದೆ.

ಆದ್ದರಿಂದ ಲೆಕ್ಕವನ್ನು ಎರಡು ಸಲ ಮಾಡಬೇಕು. ಒಮ್ಮೆ ಮಟಮಟ ಮಧ್ಯಾಹ್ನ, ಎಲ್ಲ ಮೋಟಾರ್ ಓಡುತ್ತಿರುವಾಗ, ಸೋಲಾರ್ ತುಂಬಿ ಹರಿಯುವಾಗ. ಅದು ಬ್ರೇಕರ್ ಗಟ್ಟಿತನಕ್ಕೆ. ಇನ್ನೊಮ್ಮೆ ರಾತ್ರಿ, ಸೋಲಾರ್ ಸೊನ್ನೆ, ಕೇಬಲ್ ಬಿಸಿ, ಶಾರ್ಟ್ ಆದದ್ದು ಎಲ್ಲಕ್ಕಿಂತ ದೂರದ ತುದಿಯಲ್ಲಿ. ಅದು ಟ್ರಿಪ್ ಆಗುತ್ತದೋ ಇಲ್ಲವೋ ನೋಡಲು. ಈ ಎರಡನೆಯದನ್ನು ಮಾಡುವವರು ಕಡಿಮೆ. ಕಾಕಾನ ಹಿತ್ತಲ ಬೋರಿಗೆ 300 ಮೀಟರ್ 35 ಸ್ಕ್ವೇರ್ ಅಲ್ಯುಮಿನಿಯಂ ಕೇಬಲ್ ಹೋಗಿದೆ. ಅದರ ತುದಿಯಲ್ಲಿ ಮೂರು ಫೇಸ್ ಕೂಡಿದರೂ ಬರುವುದು 750 ಆಂಪ್. ಹಾಕಿದ್ದ 100 ಆಂಪ್ ಬ್ರೇಕರ್ ತಕ್ಷಣ ಬೀಳಲು 1,000 ಬೇಕಿತ್ತು. ಅಷ್ಟು ಬಾರದಿದ್ದರೆ ಬಿಸಿಯಾಗಿ ಬೀಳುವ ತನಕ ಕೇಬಲ್ ಬೇಯುತ್ತದೆ. ಸೋಲಾರ್‌ಗೂ ಇದಕ್ಕೂ ಸಂಬಂಧವಿಲ್ಲ. ಲೆಕ್ಕ ಹಾಕುತ್ತಾ ಹೋದಾಗ ಸಿಕ್ಕಿದ್ದು. 63 ಆಂಪಿನದು ಹಾಕಿ ಸರಿಮಾಡಿದೆವು.

ಕೊನೆಗೆ ಮೇನ್ ಪ್ಯಾನಲ್ ಉಳಿಯಿತು. ಅದರ ಬಾಗಿಲ ಒಳಗೆ ಒಂದು ಹಾಳೆ ಅಂಟಿಸಿದೆ: ಈಗ 8.3 ಕಿಲೋ ಆಂಪ್, 500 ಕೆವಿಎ ಬಂದರೆ ಗ್ರಿಡ್ ಒಂದರಿಂದಲೇ 14. ಕಾಕಾ ಕನ್ನಡಕ ಹಾಕಿಕೊಂಡು ಓದಿದರು.

"14 ಯಾಕ ಬರದಿ? ಟಿಸಿ ಇನ್ನೂ 250ರದೇ ಅದಲ್ಲ."

"ತೊಗರಿ ರೇಟ್ ಒಂದ್ ಸಲ ಏರ್ಲಿ ಕಾಕಾ, ನೀವ 500ರದ್ದು ಹಾಕಸ್ತೀರಿ. ಆವಾಗ ನನಗ ಫೋನ್ ಮಾಡೂದು ಮರೀತೀರಿ."

ಕಾಕಾ ನಕ್ಕು ಪ್ಯಾನಲ್ ಬಾಗಿಲು ಹಾಕಿದರು.